ಬೀಗರೂಟದ ಎರಡನೇ ಪಂಕ್ತಿ

ನನ್ನ ಮೈದುನನ ಜೊತೆ ನಾನು ಮಾತು ಬಿಟ್ಟು ವರ್ಷವಾಗುತ್ತ ಬಂತು. ಬೈರಾಪಟ್ಟಣದಲ್ಲಿ ನಮ್ಮನ್ನು ಬಲ್ಲವರೆಲ್ಲ ಇದು ಜಮೀನಿನ ತಕರಾರು ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ. ಜಮೀನಿನದಾಗಿದ್ದರೆ ಎಷ್ಟೋ ವಾಸಿಯಿತ್ತು, ಸರ್ವೆಯವರು ಬಂದು ಅಳೆದು ಕಲ್ಲು ನೆಟ್ಟು ಹೋಗುತ್ತಿದ್ದರು. ಇದು ಎರಡು ಟಗರಿನ ವಿಚಾರ, ಒಂದು ಊಟದ ವಿಚಾರ, ನನ್ನ ಈ ಬಲಗೈಯ ವಿಚಾರ. ಅವನ ಮೇಲೆ ಎಷ್ಟು ಉರಿಯುತ್ತದೋ ನನ್ನ ಮೇಲೂ ಅಷ್ಟೇ ಉರಿಯುತ್ತದೆ. ಒಳಗೆ ಇಟ್ಟುಕೊಂಡು ಸಾಕಾಗಿ ಬರೆಯಲು ಕೂತಿದ್ದೇನೆ.

ನಾನು ಚನ್ನಪಟ್ಟಣದ ಒಂದು ಗೊಂಬೆ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಬಣ್ಣದ ಕೆಲಸ ಮಾಡುತ್ತಿದ್ದೇನೆ. ಕಾರ್ಖಾನೆ ಅಂದರೆ ದೊಡ್ಡದೇನಲ್ಲ. ಯಜಮಾನರ ಮನೆಯ ಮುಂಭಾಗದ ಉದ್ದನೆಯ ಕೋಣೆ, ನಾಲ್ಕು ಲೇತು, ಮೊಣಕಾಲುದ್ದ ಮರದ ಹೊಟ್ಟು, ಅಷ್ಟೆ. ಗರಗರ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಕರಗಿ ಬಣ್ಣ ಹಿಡಿಯುತ್ತದೆ. ಒತ್ತುವುದು ಹೆಚ್ಚಾದರೆ ಸುಟ್ಟ ಕಲೆ, ಕಮ್ಮಿಯಾದರೆ ಮಚ್ಚೆ. ಅದನ್ನು ನನಗೆ ಕೈ ಹಿಡಿದು ಕಲಿಸಿದವರು ಆ ಯಜಮಾನರು. ನಾವೆಲ್ಲ ಅವರನ್ನು ಉಸ್ತಾದರು ಅನ್ನುತ್ತೇವೆ. ಅವರ ಹೆಂಡತಿಯನ್ನು ನಾನು ಆಪಾ, ಅಂದರೆ ಅಕ್ಕ, ಅಂತ ಕರೆಯುತ್ತೇನೆ. ನನ್ನ ಮಗಳು ಎದೆಹಾಲು ಕುಡಿಯುವ ಕೂಸಾಗಿದ್ದಾಗ ಅವಳನ್ನು ಎತ್ತಿಕೊಂಡೇ ಕೆಲಸಕ್ಕೆ ಹೋಗುತ್ತಿದ್ದೆ. ಹೊಟ್ಟಿನ ದೂಳು ಮಗುವಿಗೆ ಆಗಿಬರುವುದಿಲ್ಲ ಅಂತ ಆಪಾ ಅವಳನ್ನು ಒಳಮನೆಗೆ ಒಯ್ದು ತಮ್ಮದೇ ಹಳೇ ಸೀರೆಯಲ್ಲಿ ಜೋಲಿ ಕಟ್ಟಿದರು. ಐದು ವರ್ಷ ಅದು ಅಲ್ಲೇ ಉಂಡಿತು, ಅಲ್ಲೇ ಮಲಗಿತು, ಅವರನ್ನು ಅಜ್ಜಿ ಅನ್ನುವ ಹಾಗೆ ನಾನಿ ಅಂದಿತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಅವರು ನಮಗೆ ಯಾರೋ ಪರಿಚಯದವರಲ್ಲ ಅಂತ ಗೊತ್ತಿರಲಿ ಎಂದು.

ಇಷ್ಟು ವರ್ಷದಲ್ಲಿ ನಾವು ಒಬ್ಬರಿಗೊಬ್ಬರು ಮಾಡಿಕೊಂಡ ಎಡವಟ್ಟುಗಳು ಒಂದೆರಡಲ್ಲ. ಉಸ್ತಾದರ ತಾಯಿ ತೀರಿಕೊಂಡಾಗ ಹೋಗಿ, ಅರ್ಧ ದಿನ ಕೂತು, ಆಮೇಲೆ ಯಾರಿಗೂ ಹೇಳದೆ ಎದ್ದು ಬಂದೆ. ನಮ್ಮಲ್ಲಿ ಸಾವಿನ ಮನೆಯಲ್ಲಿ ‘ಹೋಗಿ ಬರುತ್ತೇನೆ’ ಅನ್ನುವ ಹಾಗಿಲ್ಲ. ವಾರ ಕಳೆದ ಮೇಲೆ ಆಪಾ ಕೇಳಿಯೇಬಿಟ್ಟರು, “ಯಾಕಮ್ಮ, ಅಷ್ಟು ಹೊತ್ತು ನನ್ ಪಕ್ಕದಲ್ಲೇ ಕೂತಿದ್ದೋಳು ಒಂದ್ ಮಾತೂ ಹೇಳ್ದೆ ಎದ್ದೋದೆ? ನಮ್ಮ ಮೇಲೆ ಏನಾದ್ರೂ ಬೇಜಾರಾ?” ವಿವರಿಸಿದೆ. “ಓ, ನಿಮ್ಮಲ್ಲಿ ಅಂಗಾ!” ಅಂದು ಗಲ್ಲದ ಮೇಲೆ ಕೈಯಿಟ್ಟುಕೊಂಡರು. ನಮ್ಮ ಮಾವ ಹೋದಾಗ ಉಸ್ತಾದರು ಬೈರಾಪಟ್ಟಣಕ್ಕೆ ಬಂದರು. ಹೊರಡುವಾಗ ಜಗುಲಿಯ ಮೇಲೆ ನಿಂತು ನನ್ನ ಅತ್ತೆಗೆ ಕೇಳುವ ಹಾಗೆ, “ಹೋಗ್ಬತ್ತೀನಿ ಕಣಮ್ಮ, ಮತ್ತೆ ಬತ್ತೀನಿ” ಅಂದರು. ಹೆಂಗಸರೆಲ್ಲ ‘ಅಯ್ಯಯ್ಯಪ್ಪ’ ಅಂತ ಬಾಯಿ ಮುಚ್ಚಿಕೊಂಡರು. ಅಷ್ಟು ದುಃಖದಲ್ಲೂ ನಮ್ಮ ಅತ್ತೆಗೆ ನಗು ಬಂದುಬಿಟ್ಟಿತು. ಇಂಥದ್ದೆಲ್ಲ ತಪ್ಪು ಅಂತ ನಾನು ಯಾವತ್ತೂ ಲೆಕ್ಕಕ್ಕೆ ಹಿಡಿದಿಲ್ಲ. ಗೊತ್ತಿರಲಿಲ್ಲ, ಕೇಳಿಕೊಂಡರು, ಗೊತ್ತಾಯಿತು, ಮುಗಿಯಿತು.

ನಾನು ಹೇಳಹೊರಟಿರುವುದು ಗೊತ್ತಿದ್ದೂ ಮಾಡಿದ್ದು.

ಮಗಳ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಮಾಗಡಿ ತಾಲ್ಲೂಕಿನ ಕುದೂರಿನವರು, ಬೇಸಾಯ, ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಗೊಬ್ಬರದ ಅಂಗಡಿ. ಮದುವೆಯ ದಿನ ಸಿಹಿಯೂಟ. ಅದಾದ ಮೇಲೆ ಬೀಗರೂಟ, ಅಂದರೆ ಗಂಡಿನ ಕಡೆಯವರನ್ನೂ ನಂಟರಿಷ್ಟರನ್ನೂ ಕರೆದು ಹಾಕಿಸುವ ಮಾಂಸದೂಟ. ಮೊದಲು ನಮ್ಮ ಮನೆಯಲ್ಲಿ, ಹದಿನೈದು ದಿನ ಬಿಟ್ಟು ಅವರ ಮನೆಯಲ್ಲಿ. ನಮ್ಮ ಸೀಮೆಯಲ್ಲಿ ಮದುವೆಗೆ ಬರದಿದ್ದವರನ್ನು ಬೇಕಾದರೆ ಕ್ಷಮಿಸುತ್ತಾರೆ, ಬೀಗರೂಟಕ್ಕೆ ಕರೆಯದವರನ್ನು ಸಾಯುವವರೆಗೂ ಕ್ಷಮಿಸುವುದಿಲ್ಲ.

ಈ ಬೀಗರೂಟಕ್ಕೆ ಒಂದು ಪದ್ಧತಿಯಿದೆ. ನಮ್ಮ ಮಾವನ ಕಾಲದಲ್ಲೂ ಇತ್ತು, ಅವರಪ್ಪನ ಕಾಲದಲ್ಲೂ ಇತ್ತಂತೆ. ಟಗರು ಕುಯ್ಯಲು ಪೇಟೆಯಿಂದ ಒಬ್ಬ ಸಾಬಣ್ಣನನ್ನು ಕರೆಸುವುದು. ಅವರ ಪ್ರಕಾರ ದೇವರ ಹೆಸರು ಹೇಳಿ ಹಲಾಲ್ ಮಾಡಿದರೆ ಮಾತ್ರ ಅವರ ಜನ ಆ ಮಾಂಸ ಮುಟ್ಟುತ್ತಾರೆ. ನಮ್ಮ ರೇಷ್ಮೆ ಗೂಡು ಕೊಳ್ಳುವವರು, ನೂಲು ಬಿಚ್ಚುವವರು, ಗೊಂಬೆ ಮಾಡುವವರು, ವ್ಯಾಪಾರದವರು, ಅರ್ಧಕ್ಕರ್ಧ ಸಾಬರೇ. ಕರೆದ ಮೇಲೆ ಅವರೂ ಉಣ್ಣಬೇಕಲ್ಲ? ನಮಗೆ ಯಾರು ಕುಯ್ದರೂ ನಡೆಯುತ್ತದೆ, ಅವರಿಗೆ ನಡೆಯುವುದಿಲ್ಲ. ಹಾಗಾಗಿ ಅವರಿಗೆ ನಡೆಯುವ ಹಾಗೆ ಮಾಡುವುದು. ಇಷ್ಟೇ ಇದರ ಹಿಂದಿರುವ ಲೆಕ್ಕ. ಇದಕ್ಕೆ ಯಾರೂ ಭಾಷಣ ಮಾಡಲಿಲ್ಲ, ಯಾರೂ ಬೋರ್ಡು ಬರೆಸಲಿಲ್ಲ.

ಆಪಾ ಮನೆಗೆ ಕರೆಯಲು ನಾನೇ ಹೋದೆ. ಕುಂಕುಮದ ಬಟ್ಟಲು ಹಿಡಿಯದೆ ಎಲೆ, ಅಡಿಕೆ, ಹೂವು, ಲಗ್ನಪತ್ರಿಕೆ ತೆಗೆದುಕೊಂಡು ಹೋದೆ. ಮದುವೆಗೂ ಬರಬೇಕು, ಬೀಗರೂಟಕ್ಕೂ ಬರಬೇಕು ಅಂದೆ. ಬಾಯಿಬಿಟ್ಟು ಇದನ್ನೂ ಹೇಳಿದೆ: “ಮಾವನ ಕಾಲದಿಂದ ಬರೋ ಸಾಬಣ್ಣನ್ನೇ ಕರೆಸ್ತಾ ಇದೀವಿ ಆಪಾ. ನೀವು ಏನೂ ಯೋಚ್ನೆ ಮಾಡ್ಬೇಡಿ.”

ಆಪಾ ನಕ್ಕರು. “ನೀನು ಕರೆದ್ ಮೇಲೆ ನಾನ್ಯಾಕಮ್ಮ ಯೋಚ್ನೆ ಮಾಡ್ಲಿ?”

ಆ ಮಾತು ಈಗಲೂ ಕಿವಿಯಲ್ಲಿದೆ.

ಬೀಗರೂಟದ ಉಸ್ತುವಾರಿಯನ್ನು ಮೈದುನ ವಹಿಸಿಕೊಂಡಿದ್ದ. ಶಾಮಿಯಾನ, ಅಡುಗೆಯವರು, ಪಾತ್ರೆ, ನೀರಿನ ಟ್ಯಾಂಕರು, ಎಲ್ಲ ಅವನೇ. ಓಡಾಡುವುದರಲ್ಲಿ ಗಟ್ಟಿಗ, ಇಲ್ಲ ಅನ್ನಲಾರೆ. ಭಾನುವಾರ ಬೆಳಿಗ್ಗೆ ನಾನು ಬಂದವರಿಗೆ ಕಾಫಿ ಕೊಡುವುದರಲ್ಲಿ, ಮಗಳಿಗೆ ಸೀರೆ ಉಡಿಸುವುದರಲ್ಲಿ ಹಿತ್ತಲ ಕಡೆ ತಲೆ ಹಾಕಲಿಲ್ಲ. ಮಧ್ಯಾಹ್ನ ಕುದೂರಿನವರ ಮೂರು ವ್ಯಾನು ಬಂದವು. ಮೊದಲನೇ ಪಂಕ್ತಿ ಕೂತು ಎದ್ದಿತು. ಎರಡನೇ ಪಂಕ್ತಿಗೆ ಉಸ್ತಾದರು, ಆಪಾ, ಅವರ ಸೊಸೆ ಬಂದು ಕೂತರು. ಎದುರು ಸಾಲಿನಲ್ಲಿ ನಮ್ಮ ಬೀಗರು, ಬೀಗಿತಿ, ಅವರ ಅಣ್ಣತಮ್ಮಂದಿರು.

ನಾನು ಸಾರಿನ ಬಕೆಟ್ಟು ತೆಗೆದುಕೊಳ್ಳಲು ಹಿತ್ತಲಿಗೆ ಹೋದೆ. ಒಲೆಯ ಹತ್ತಿರ ಮೈದುನ ನಿಂತಿದ್ದ. ಸುಮ್ಮನೆ ಕೇಳಿದೆ, “ಸಾಬಣ್ಣನಿಗೆ ಎಲೆ ಹಾಕಿದ್ರಾ? ಎಲ್ಲೂ ಕಾಣ್ನಿಲ್ವಲ್ಲ.”

“ಅವ್ರನ್ನ ಬೆಳಗ್ಗೆನೇ ವಾಪಸ್ ಕಳಿಸ್ಬುಟ್ಟೆ ಕಣತ್ಗೆ.”

“ಯಾಕಪ್ಪಾ? ಕುಯ್ದಿದ್ದು ಯಾರು ಮತ್ತೆ?”

“ನಾವೇ, ನಾನೂ ನಮ್ ಹೈಕ್ಳೂ. ಬೀಗರು ಒಸಿ ದೊಡ್ ಜನ. ಏನಾದ್ರೂ ಅಂದ್ಕೊಂಡ್ರೆ ನಮ್ ಮರ್ಯಾದೆ ಏನಾಯ್ತದೆ? ಈಗ ಕಾಲ ಮೊದ್ಲಿನಂಗಿಲ್ಲ. ನಮ್ಮನೆ ಕಾರ್ಯಕ್ಕೆ ಔರ್ಯಾಕೆ ಬಂದು ಕತ್ತಿ ಇಡೀಬೇಕು?”

“ಲೋ, ಕಾರ್ಖಾನೆಯೋರು ಬಂದು ಕೂತವ್ರೆ ಕಣೋ! ನಾನು ಮಾತು ಕೊಟ್ಟಿದೀನಿ.”

“ಔರಿಗೇನ್ ಗೊತ್ತಾಯ್ತದೆ ಬುಡತ್ಗೆ. ಮಾಂಸದ್ ಮೇಲೆ ಬರ್ದಿರ್ತದಾ?” ಅಂದು ನಕ್ಕ. ಪಕ್ಕದಲ್ಲಿದ್ದ ಇಬ್ಬರೂ ನಕ್ಕರು.

ಕಾಲ ಮೊದಲಿನಂತಿಲ್ಲವಂತೆ. ಥೂ! ಕಾಲವೇನು ತಾನೇ ನಡೆದು ಬಂದು ನಮ್ಮ ಹಿತ್ತಲಲ್ಲಿ ಕತ್ತಿ ಹಿಡಿಯಿತೇ? ಎಪ್ಪತ್ತು ವರ್ಷದ ಆ ಮುದುಕ ಬೆಳಗಿನ ಮೊದಲ ಬಸ್ಸು ಹಿಡಿದು ಬಂದಿದ್ದ. ಅವನನ್ನು ಗೇಟಿನಲ್ಲೇ ನಿಲ್ಲಿಸಿ, ಒಂದು ಲೋಟ ಕಾಫಿಯನ್ನೂ ಕೊಡದೆ ಕಳಿಸಿದ್ದರು. ಅದು ನನಗೆ ಗೊತ್ತಾದದ್ದು ಆಮೇಲೆ. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಎರಡನೇ ಪಂಕ್ತಿ ಒಂದೇ. ಬಕೆಟ್ಟು ನನ್ನ ಕೈಯಲ್ಲಿತ್ತು.

ಹೊರಗೆ ಬಂದೆ. ಎಲೆಗೆ ಮುದ್ದೆ ಬಿದ್ದಿತ್ತು, ಉಪ್ಪು, ಈರುಳ್ಳಿ, ನಿಂಬೆಹಣ್ಣಿನ ಹೋಳು ಬಿದ್ದಿತ್ತು. ಉಸ್ತಾದರು ಮುದ್ದೆಗೆ ಬೆರಳಿನಿಂದ ಗುಳಿ ಮಾಡಿಕೊಂಡು ಸಾರಿಗೆ ಕಾಯುತ್ತಿದ್ದರು. ಅವರಿಗೆ ನಮ್ಮ ಕಡೆಯ ಮುದ್ದೆಯೆಂದರೆ ಪ್ರಾಣ. ಮೊದಮೊದಲು ಅಗಿದು ತಿನ್ನುತ್ತಿದ್ದರು. ನಮ್ಮ ಮಾವನೇ ಪಕ್ಕದಲ್ಲಿ ಕೂರಿಸಿಕೊಂಡು ನುಂಗುವುದನ್ನು ಕಲಿಸಿದ್ದರು. ಆಪಾ ನನ್ನ ಮುಖ ನೋಡಿದರು. ಮುಖ ನೋಡಿದ ಕೂಡಲೇ ಅವರಿಗೆ ಏನೋ ಗೊತ್ತಾಯಿತು. ಆದರೆ ಗೊತ್ತಾದದ್ದು ತಪ್ಪು.

“ಯಾಕಮ್ಮ, ಮಗಳನ್ನ ಕಳಿಸ್ಬೇಕಲ್ಲ ಅಂತ ಮುಖ ಇಷ್ಟ್ ಮಾಡ್ಕೊಂಡಿದೀಯಾ? ನಾನಿಲ್ವಾ? ಬಾ, ನೀನೇ ಬಡಿಸು” ಅಂದರು.

ಒಂದು ಮಾತು. ‘ಆಪಾ, ಇದು ಬೇಡ.’ ಅಷ್ಟು ಅಂದಿದ್ದರೆ ಸಾಕಿತ್ತು. ನಾಲಿಗೆ ಬಿದ್ದುಹೋಗಿತ್ತೇ ನನಗೆ? ಎದುರಿಗೆ ಬೀಗರು. ನಾನು ಬೇಡ ಅಂದರೆ ಯಾಕೆ ಅಂತ ಯಾರಾದರೂ ಕೇಳುತ್ತಾರೆ. ಕೇಳಿದರೆ ಹೇಳಬೇಕು. ಹೇಳಿದರೆ ಪಂಕ್ತಿ ಅರ್ಧಕ್ಕೆ ಏಳುತ್ತದೆ, ಬೀಗರ ಮುಂದೆ ಮನೆಯ ಹುಳುಕು ಹೊರಬೀಳುತ್ತದೆ, ಮಗಳಿಗೆ ಅತ್ತೆ ಮನೆಯಲ್ಲಿ ಮೊದಲ ದಿನವೇ ಮಾತು ಬರುತ್ತದೆ. ಊಟಕ್ಕೆ ಕೂತವರನ್ನು ಎಬ್ಬಿಸಬಾರದು ಅಂತ ಚಿಕ್ಕಂದಿನಿಂದ ಹೇಳಿಸಿಕೊಂಡು ಬೆಳೆದಿದ್ದೇನೆ. ಇದೆಲ್ಲ ಎರಡು ಉಸಿರಿನಷ್ಟು ಹೊತ್ತಿನಲ್ಲಿ ತಲೆಯಲ್ಲಿ ಸುತ್ತಿತು. ಸೌಟು ಅದ್ದಿದೆ. ಹಾಕಿದೆ. ಉಸ್ತಾದರಿಗೆ, ಆಪಾಗೆ, ಸೊಸೆಗೆ, ಮೂವರಿಗೂ ಈ ಕೈಯಲ್ಲೇ ಹಾಕಿದೆ. ಹಾಕಿ ಸುಮ್ಮನೆ ಮುಂದೆ ಹೋದೆನೇ? ಅದೂ ಇಲ್ಲ. “ಇನ್ನೊಂದ್ ತುಂಡು ಹಾಕ್ಲಾ ಆಪಾ?” ಅಂತ ಉಪಚಾರ ಬೇರೆ ಮಾಡಿದೆ!

ಉಸ್ತಾದರು ಎರಡು ಮುದ್ದೆ ಉಂಡರು. ಏಳುವಾಗ ಅಡುಗೆಯವನನ್ನು ಕರೆಸಿ ಬೆನ್ನು ತಟ್ಟಿದರು.

ಅವರು ಕೈ ತೊಳೆಯುತ್ತಿದ್ದಾಗ ನಾನು ಹಿತ್ತಲ ಗೋಡೆಗೆ ಒರಗಿ ನಿಂತಿದ್ದೆ. ಬೇಡ ಬೇಡವೆಂದರೂ ಅವರ ದೊಡ್ಡ ಮಗನ ಮದುವೆ ನೆನಪಿಗೆ ಬಂತು. ರಾಮನಗರದ ಒಂದು ಛತ್ರದಲ್ಲಿ ಆದ ಮದುವೆ. ನಾನು ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಹೆಂಗಸರ ಕಡೆ ಕೂತಿದ್ದೆ. ಬಡಿಸುವವನೊಬ್ಬ ತಟ್ಟೆ ತಂದು ಕೈಗಿಟ್ಟ. ಘಮಘಮ ಅನ್ನುತ್ತಿತ್ತು, ಹಸಿವೂ ಆಗಿತ್ತು. ತುತ್ತು ಎತ್ತುತ್ತಿದ್ದೆ. ಆ ಕಡೆಯ ಮೂಲೆಯಿಂದ ಆಪಾ, ಮದುಮಗನ ತಾಯಿ, ಜರಿ ದುಪಟ್ಟಾ ಜಾರುತ್ತಿದ್ದರೂ ಲೆಕ್ಕಿಸದೆ ಕೂತವರನ್ನು ದಾಟಿಕೊಂಡು ಓಡಿಬಂದು ನನ್ನ ಕೈಯಲ್ಲಿದ್ದ ತಟ್ಟೆಯನ್ನು ಕಿತ್ತುಕೊಂಡರು. ಇಡೀ ಛತ್ರ ತಿರುಗಿ ನೋಡಿತು. ಅವರ ಬೀಗರ ಕಡೆಯ ಹೆಂಗಸರೂ ನೋಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕರೆದು ಕೂರಿಸಿ ತಟ್ಟೆ ಕಿತ್ತುಕೊಳ್ಳುವುದೆಂದರೇನು? ಕಣ್ಣಲ್ಲಿ ನೀರು ಬಂತು, ಸಿಟ್ಟಿಗೆ.

“ಬಾಯಿಗೆ ಹೋಯ್ತಾ? ಹೇಳು, ಬಾಯಿಗೆ ಹೋಯ್ತಾ?” ಅಂತ ಅವರು ನನ್ನ ಭುಜ ಅಲ್ಲಾಡಿಸುತ್ತಿದ್ದರು.

“ಇಲ್ಲ ಆಪಾ.”

ಅಲ್ಲೇ ನೆಲದ ಮೇಲೆ ಕುಸಿದು ಕೂತರು. “ಇದ್ರಲ್ಲಿ ನಿಮ್ಮೋರು ತಿನ್ನದ್ದು ಐತೆ. ನಿಂಗೆ ಬೇರೆ ಮಾಡ್ಸಿ ಇಟ್ಟಿದೀನಿ. ಯಾವನೋ ನೋಡ್ದೆ ತಂದು ಕೊಟ್ಬುಟ್ಟ.”

ಅವರಿಗೂ ಎದುರಿಗೆ ಬೀಗರಿದ್ದರು. ಅವರಿಗೂ ಮರ್ಯಾದೆಯಿತ್ತು. ನನ್ನ ಬಾಯಿಗೆ ಒಂದು ತುತ್ತು ಹೋಗಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ. ಇದನ್ನೆಲ್ಲ ನೆನೆಯುತ್ತ ಗೋಡೆಗೆ ಒರಗಿದ್ದವಳನ್ನು ಯಾರೋ ತಾಂಬೂಲ ಕೊಡಲು ಕರೆದರು, ಹೋಗಿ ಕೊಟ್ಟೆ. ಆಪಾ ನನ್ನ ತಲೆ ಸವರಿ, “ಊಟ ಬಾಳ ಚೆನ್ನಾಗಿತ್ತು” ಅಂದು ಆಟೋ ಹತ್ತಿದರು.

ನನ್ನ ಗಂಡನಿಗೆ ಹೇಳಿದೆ. ಹೆಂಡತಿಯ ಸಿಟ್ಟು ಕಂಡರೆ ಟವೆಲ್ಲು ಹುಡುಕಿ ಹೊರಗೆ ಹೊರಡುವ ಜಾತಿ ಅವರದು. “ಬುಡೇ ಅತ್ಲಾಗೆ. ಉಂಡೋರಿಗೆ ಗೊತ್ತಿಲ್ಲ, ಇನ್ಯಾರೂ ಬಾಯಿ ಬುಡಾಕಿಲ್ಲ. ನೀನ್ಯಾಕೆ ಕೆದಕ್ತೀಯ?” ಅಂದರು. ಅವರಿಗೂ ಬೆಳಿಗ್ಗೆಯೇ ಗೊತ್ತಿತ್ತಂತೆ. ತಮ್ಮನ ಎದುರು ಮಾತಾಡಲು ಅವರಿಗೆ ಸಂಕೋಚ. ಮನೆಯಲ್ಲಿ ಎಲ್ಲರಿಗೂ ಎಲ್ಲರ ಎದುರೂ ಸಂಕೋಚ, ಉಂಡುಹೋದ ಆ ಮೂವರಿಗೆ ಮೋಸ ಮಾಡಲು ಮಾತ್ರ ಯಾರಿಗೂ ಸಂಕೋಚವಿಲ್ಲ.

ಹದಿನೈದು ದಿನ ಕೆಲಸಕ್ಕೆ ಹೋದೆ, ಬಂದೆ. ಲೇತಿನ ಮುಂದೆ ತಲೆ ತಗ್ಗಿಸಿ ಕೂರುತ್ತಿದ್ದೆ. ಎಂದೂ ಸುಡದವಳು ಮೂರು ಬುಗುರಿ ಸುಟ್ಟೆ. ಉಸ್ತಾದರು ಬಂದವರಿಗೆಲ್ಲ ಬೈರಾಪಟ್ಟಣದ ಬೀಗರೂಟದ ವರ್ಣನೆ ಮಾಡುತ್ತಿದ್ದರು. ಕುದೂರಿನವರು ತಮ್ಮ ಮನೆಯ ಬೀಗರೂಟಕ್ಕೆ ಕಾರ್ಖಾನೆಯವರನ್ನೂ ಕರೆದುಕೊಂಡು ಬನ್ನಿ ಅಂದಿದ್ದರು. ನನಗೆ ಕರೆಯಲು ಬಾಯಿ ಬರಲಿಲ್ಲ. ನಾವಷ್ಟೇ ಹೋದೆವು.

ಕುದೂರಿನಲ್ಲಿ ಎಲೆಯ ಮುಂದೆ ಕೂತಿದ್ದೆ. ಬೀಗಿತಿ ಬಂದು ಹಿಂದೆ ಮುಂದೆ ನೋಡಿದರು. “ನಿಮ್ ಗೊಂಬೆ ಕಾರ್ಖಾನೆಯೋರು ಬರ್ನಿಲ್ವಾ ಅಕ್ಕ? ಅಯ್ಯೋ, ಔರು ಬತ್ತಾರೆ ಅಂದ್ಕೊಂಡು ಇಲ್ಲಿ ಪ್ಯಾಟೆ ಸಾಬರನ್ನೇ ಕರೆಸಿ ಕುಯ್ಸಿದೀವಿ. ಔರು ಬರ್ದೆ ಇದ್ರೂ ನಮ್ಮನೇಲಿ ಯಾವಾಗ್ಲೂ ಅಂಗೇ ಬುಡಿ. ನಮ್ಮತ್ತೆ ಕಾಲದಿಂದ್ಲೂ ಅದೇ.”

ನನ್ನ ಮೈಯೆಲ್ಲ ಉರಿದುಹೋಯಿತು. ನಾವು ಹೆದರಿಕೊಂಡಿದ್ದ ದೊಡ್ಡ ಜನ ಇವರು. ಇವರ ಹೆಸರು ಹೇಳಿಕೊಂಡು ನನ್ನ ಮೈದುನ ಮುದುಕನನ್ನು ಗೇಟಿನಿಂದ ಓಡಿಸಿದ್ದ. ಇವರಿಗೆ ಹೆದರಿ ನಾನು ಸೌಟು ಅದ್ದಿದ್ದೆ. ಅವರು ನೋಡಿದರೆ ತಮ್ಮ ಪಾಡಿಗೆ ಮೊದಲಿನ ಹಾಗೆಯೇ ನಡೆದುಕೊಂಡು ಬರುತ್ತಿದ್ದಾರೆ! ಯಾರೂ ಹೇಳದ ಮಾತಿಗೆ, ಯಾರೂ ಕೇಳದ ಪ್ರಶ್ನೆಗೆ ನಾವು ಮನೆಯ ಮಂದಿಯೆಲ್ಲ ಸೇರಿ ಹೇಸಿಗೆ ಮಾಡಿಕೊಂಡು ಕೂತಿದ್ದೆವು.

ಕೈ ತೊಳೆದು ಬಂದವಳೇ ವ್ಯಾನಿನ ಹತ್ತಿರ ಮೈದುನನನ್ನು ಹಿಡಿದೆ. “ಕೇಳಿಸ್ಕೊಂಡ್ಯಾ? ಬೀಗರು ಅಂದ್ಕೋತಾರೆ, ಬೀಗರು ಅಂದ್ಕೋತಾರೆ ಅಂದ್ಯಲ್ಲ, ಕೇಳಿಸ್ಕೊಂಡ್ಯಾ? ಯಾವ ಮೊಕ ಇಟ್ಕೊಂಡು ಔರ್ ಮನೆ ಊಟ ಉಂಡೆ ನೀನು? ಮನುಷ್ಯ ಮಾಡೋ ಕೆಲ್ಸಾನಾ ನೀನ್ ಮಾಡಿದ್ದು?”

ಡ್ರೈವರು, ನಂಟರು, ಎಲ್ಲರೂ ನೋಡುತ್ತಿದ್ದರು. ನೋಡಲಿ ಅಂತಲೇ ಕೂಗಿದೆ. ಅವನು ಮೆಲ್ಲಗೆ, ಬಹಳ ಮೆಲ್ಲಗೆ ಅಂದ:

“ಬೈಯಿ ಅತ್ಗೆ. ನಾನು ಕುಯ್ದೆ, ಸರಿ. ನಿಂಗೆ ಗೊತ್ತಾದ್ ಮೇಲೆ ಬಡಿಸ್ದೋರ್ ಯಾರು?”

ಅವತ್ತಿನಿಂದ ಅವನ ಜೊತೆ ಮಾತಿಲ್ಲ. ಅವನು ಟಗರು ಕುಯ್ದದ್ದಕ್ಕಿಂತ ಹೆಚ್ಚಾಗಿ ಈ ಮಾತಿಗೆ ನಾನು ಮಾತು ಬಿಟ್ಟಿದ್ದೇನೆ ಅಂತ ನನಗೆ ಚೆನ್ನಾಗಿ ಗೊತ್ತು. ಅವನು ಹೇಳಿದ್ದು ಸುಳ್ಳಾಗಿದ್ದರೆ ಎಂದೋ ಮರೆತು ಮಾತಾಡಿಸುತ್ತಿದ್ದೆ.

ಮಾರನೇ ದಿನ ಮಧ್ಯಾಹ್ನ ಉಸ್ತಾದರು ನಮಾಜಿಗೆ ಹೋಗುವುದನ್ನೇ ಕಾದು ಒಳಮನೆಗೆ ಹೋದೆ. ಆಪಾ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು. ಪಕ್ಕದಲ್ಲಿ ಕೂತು ಹೇಳಿಬಿಟ್ಟೆ. ಬಸ್ಸಿನಲ್ಲಿ ಬರುವಾಗಲೇ ಎಲ್ಲವನ್ನೂ ಜೋಡಿಸಿಕೊಂಡು ಬಂದಿದ್ದೆ. ಮೈದುನ ಹೀಗೆ ಮಾಡಿದ, ನನಗೆ ಯಾರೂ ಹೇಳಲಿಲ್ಲ, ಮುದುಕನನ್ನು ಕಳಿಸಿಬಿಟ್ಟಿದ್ದರು, ಅವನ ಜೊತೆ ಜಗಳವಾಡಿ ಬಂದಿದ್ದೇನೆ, ಅವನ ಮುಖ ನೋಡುವುದಿಲ್ಲ. ನನ್ನ ದನಿ ಏರುತ್ತಲೇ ಹೋಯಿತು. ಬೈಗುಳವೂ ಬಂತು. ಅಳು ಬಂತು. ಆಪಾ ಮೊರದ ಮೇಲೆ ಕೈಯಿಟ್ಟುಕೊಂಡು ಕೇಳಿದರು. ನಾನು ಮುಗಿಸಿದ ಮೇಲೆ ಒಂದೇ ಪ್ರಶ್ನೆ ಕೇಳಿದರು.

“ನಿಂಗೆ ಯಾವಾಗ ಗೊತ್ತಾಯ್ತಮ್ಮ? ನಮಗೆ ಬಡಿಸೋಕೆ ಮುಂಚೆನಾ, ಆಮೇಲಾ?”

‘ಆಮೇಲೆ’ ಅಂದುಬಿಡಬಹುದಿತ್ತು. ಅವರು ನಂಬುತ್ತಿದ್ದರು. ನಂಬಬೇಕು ಅಂತಲೇ ಕೇಳುತ್ತಿದ್ದಾರೇನೋ ಅನ್ನಿಸಿತು ನನಗೆ. ಕಣ್ಣು ಹಾಗಿತ್ತು.

“ಮುಂಚೆ” ಅಂದೆ.

ಆಪಾ ತಲೆ ತಗ್ಗಿಸಿ ಮತ್ತೆ ಅಕ್ಕಿ ಆರಿಸತೊಡಗಿದರು. ಒಂದು ಕಲ್ಲು ತೆಗೆದರು, ಇನ್ನೊಂದು ತೆಗೆದರು.

“ತಿಂದಾಗ ನಮಗೆ ಗೊತ್ತಿರ್ಲಿಲ್ಲ. ಅದು ನಮ್ ಮೇಲೆ ಬರಲ್ಲ. ಮೇಲಿರೋನು ನೋಡ್ಕೋತಾನೆ. ಇವ್ರಿಗೆ ಮಾತ್ರ ಹೇಳ್ಬೇಡ. ಆ ಊಟಾನ ಬೀದಿಯೋರಿಗೆಲ್ಲ ಹೇಳ್ಕೊಂಡು ತಿರುಗ್ತಾವ್ರೆ, ಪಾಪ.” ಮೊರ ಪಕ್ಕಕ್ಕಿಟ್ಟು ಅಂದರು, “ನೀನು ಬೇಡ ಅಂತ ಅಂದಿದ್ರೆ, ಯಾಕೆ ಅಂತಾನೂ ಕೇಳ್ತಿರ್ಲಿಲ್ಲ ನಾನು. ಅನ್ನ ಮಜ್ಜಿಗೆ ಉಂಡು ಎದ್ದೋಗ್ತಿದ್ವಿ.”

“ಬೈಯಿರಿ ಆಪಾ. ಒಂದ್ ಏಟು ಹೊಡೀರಿ.”

“ಹೋಗಮ್ಮ, ಬೈಯೋದೇನು. ಚಾ ಇಡ್ತೀನಿ” ಅಂದು ಎದ್ದರು.

ಚಾ ಕೊಟ್ಟರು. ಎಂದಿನ ಲೋಟದಲ್ಲೇ, ಎಂದಿನಷ್ಟೇ ಸಕ್ಕರೆ. ನನಗೆ ಆ ಚಾದ ಮೇಲೂ ಸಿಟ್ಟು ಬಂತು. ಬೈದಿದ್ದರೆ, ಕಿರುಚಿದ್ದರೆ, ನಿನ್ನ ಮುಖ ತೋರಿಸಬೇಡ ಅಂದಿದ್ದರೆ, ಹೋಗಿ ಕಾಲು ಹಿಡಿದಾದರೂ ಸರಿಮಾಡಿಕೊಳ್ಳಬಹುದಿತ್ತು. ನಾನು ಜಗಳದಲ್ಲಿ ಬೆಳೆದವಳು, ಜಗಳದಲ್ಲಿ ನನಗೆ ದಾರಿ ಗೊತ್ತು. ಈ ಸೌಜನ್ಯದ ಜೊತೆ ಹೇಗೆ ಜಗಳವಾಡುವುದು?

ಆಮೇಲೂ ಎಲ್ಲ ಮೊದಲಿನಂತೆಯೇ ನಡೆಯಿತು. ರಂಜಾನ್ ಹಬ್ಬಕ್ಕೆ ಸುರ್‌ಕುಂಬಾ ಅನ್ನುವ ಶ್ಯಾವಿಗೆ ಪಾಯಸ ಡಬ್ಬಿಯಲ್ಲಿ ಬಂತು. ಮಗಳು ಬಂದಾಗ ಅವಳನ್ನು ಕರೆದು ತಲೆಗೆ ಎಣ್ಣೆ ಹಚ್ಚಿದರು. ನಾನು ಯುಗಾದಿಗೆ ಒಯ್ದ ಒಬ್ಬಟ್ಟನ್ನು, “ಇಡಮ್ಮ, ಆಮೇಲೆ ತಿಂತೀವಿ” ಅಂತ ಒಳಗಿಟ್ಟರು. ಮೊದಲೆಲ್ಲ ನನ್ನ ಎದುರಿಗೇ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಹೊಟ್ಟೆ ತುಂಬಿರಬೇಕು ಅಂತ ನನಗೆ ನಾನೇ ಹೇಳಿಕೊಂಡೆ.

ಹೋದ ತಿಂಗಳು ಬಸುರಿ ಮಗಳಿಗೆ ಏಳು ತಿಂಗಳು ತುಂಬುತ್ತ ಬಂತು. ಸೀಮಂತ ಮಾಡಬೇಕು ಅಂತ ಮನೆಯಲ್ಲಿ ಮಾತಾಯಿತು. ನನಗೆ ಒಳಗೊಳಗೇ ಒಂದು ಆಸೆ. ಸೀಮಂತಕ್ಕೆ ಮಾಂಸವಿಲ್ಲ, ಬರೀ ಸಿಹಿಯಡುಗೆ. ಅದನ್ನೂ ನಾನೇ ನನ್ನ ಕೈಯಾರೆ ಮಾಡುತ್ತೇನೆ, ಯಾರನ್ನೂ ಒಲೆಯ ಹತ್ತಿರ ಬಿಡುವುದಿಲ್ಲ. ಆಪಾ ಬಂದು ಅವಳ ಮಡಿಲಿಗೆ ಒಂದು ಹಣ್ಣು ಹಾಕಿ, ಒಂದು ಹೋಳಿಗೆ ಬಾಯಿಗೆ ಹಾಕಿಕೊಂಡರೆ ಸಾಕು, ನಾನು ಉಳಿದುಕೊಳ್ಳುತ್ತೇನೆ ಅಂದುಕೊಂಡಿದ್ದೆ.

ಊಟದ ಬಿಡುವಿನಲ್ಲಿ ಕಾರ್ಖಾನೆಯಲ್ಲೇ ಹೇಳಿದೆ. ಉಸ್ತಾದರು ಲೇತು ನಿಲ್ಲಿಸಿ, ಮೈಮೇಲಿನ ಹೊಟ್ಟು ಒದರಿಕೊಂಡು ಎದ್ದರು. ಅವರ ಮುಖ ಹಬ್ಬವಾಯಿತು.

“ಬರ್ದೇ ಇರ್ತೀವೇನಮ್ಮ! ನಮ್ಮನೆ ಜೋಲೀಲಿ ಆಡಿದ್ ಕೂಸು. ಇಬ್ರೂ ಬತ್ತೀವಿ. ಮುದ್ದೆ ಇರ್ತದಾ?”

“ಸೀಮಂತಕ್ಕೆ ಮುದ್ದೆ ಎಲ್ಲಿಂದ ಬರ್ತದೆ ಉಸ್ತಾದ್. ಹೋಳಿಗೆ, ಪಾಯಸ, ಚಿತ್ರಾನ್ನ. ಎಲ್ಲ ನಾನೇ ಮಾಡೋದು” ಅಂದೆ. ಅವರಿಗೆ ಹೇಳಿದೆನಾದರೂ ನನ್ನ ಕಣ್ಣು ಬಾಗಿಲಲ್ಲಿ ಬುತ್ತಿ ಹಿಡಿದು ನಿಂತಿದ್ದ ಆಪಾ ಕಡೆಗಿತ್ತು.

ಆಪಾ ಬಂದು ಬುತ್ತಿಯನ್ನು ಗಂಡನ ಮುಂದೆ ಇಟ್ಟರು. ಮುಚ್ಚಳ ತೆಗೆದರು. ನನ್ನ ಕಡೆ ತಿರುಗಿ ನಕ್ಕರು. ಎಂದಿನ ನಗುವೇ.

“ಬಂದು ಕೂಸಿಗೆ ಹಣ್ಣು ಕೊಟ್ಟು ಹೋಗ್ತೀವಮ್ಮ. ಊಟಕ್ಕೆ ಮಾತ್ರ ಬಲವಂತ ಮಾಡ್ಬೇಡ. ಆವತ್ತು ನಮ್ಮಿಬ್ರಿಗೂ ರೋಜಾ, ಉಪವಾಸ.”

ಉಸ್ತಾದರು ತುತ್ತು ಕಲೆಸುತ್ತಿದ್ದ ಕೈ ನಿಲ್ಲಿಸಿ ಹೆಂಡತಿಯ ಮುಖ ನೋಡಿದರು. ರಂಜಾನ್ ಮುಗಿದು ಎಷ್ಟೋ ದಿನವಾಗಿತ್ತು. ಸೀಮಂತಕ್ಕೆ ನಾವು ಇನ್ನೂ ದಿನ ಗೊತ್ತುಮಾಡಿರಲಿಲ್ಲ.